ಕಾಫಿ ಕಣದ ಮೂಲೆಯ ಸ್ಟ್ಯಾಂಡು

ನಾವು ಮೂವರೂ ಒಂದೇ ಸೂರಿನ ಕೆಳಗೆ ಇರುತ್ತಿದ್ದದ್ದು ವಾರಕ್ಕೆ ಒಂದೇ ರಾತ್ರಿ. ನಾನು ಗೋಣಿಬೀಡಿನ ಹತ್ತಿರದ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರು. ಮಗಳು ನನ್ನ ಜೊತೆ ಅಲ್ಲೇ ಬಾಡಿಗೆ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದಳು. ನಮ್ಮನೆಯವರು ಕಳಸದ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಾಕುವುದು, ಕೊಯ್ದ ಹಣ್ಣು ತೂಗಿಸುವುದು, ಯಜಮಾನರು ತೋಟ ಸುತ್ತುವಾಗ ಹಿಂದೆ ಹಿಂದೆ ಓಡುವುದು ಅವರ ಕೆಲಸ. ಶನಿವಾರ ಬೆಳಗಿನ ಶಾಲೆ ಮುಗಿದದ್ದೇ ನಾನೂ ಮಗಳೂ ಮೂಡಿಗೆರೆಗೆ ಬಂದು, ಕೊಟ್ಟಿಗೆಹಾರದ ಮೇಲೆ ಹೋಗುವ ಕಳಸದ ಬಸ್ಸು ಹಿಡಿದು, ಬಾಯಲ್ಲಿ ನಿಂಬೆಹುಳಿ ಪೆಪ್ಪರಮಿಂಟು ಇಟ್ಟುಕೊಂಡು ಆ ತಿರುವುಗಳನ್ನೆಲ್ಲ ಸಹಿಸಿ, ಸಂಜೆಯ ಹೊತ್ತಿಗೆ ಎಸ್ಟೇಟಿನ ಗೇಟಿನಲ್ಲಿ ಇಳಿಯುತ್ತಿದ್ದೆವು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ನಮ್ಮ ಸಂಸಾರ ಅಂದರೆ ಇದರ ಮಧ್ಯೆ ಇರುವ ಶನಿವಾರದ ಸಂಜೆ, ಅಷ್ಟೇ.

ಆ ಸಂಜೆಯನ್ನೂ ಒಂದು ಕಬ್ಬಿಣದ ಸ್ಟ್ಯಾಂಡು ತಿಂದು ಹಾಕಿತು. ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು.

ಮಗಳಿಗೆ ಚಿಕ್ಕಂದಿನಿಂದ ಮುಸ್ಸಂಜೆಯಾದರೆ ಎಡವುವ ಅಭ್ಯಾಸ. ಹೊಸಿಲು ಎಡವುತ್ತಿದ್ದಳು, ಅಂಗಳದ ಚಪ್ಪಲಿ ಎಡವುತ್ತಿದ್ದಳು, ಎದುರಿಗೇ ನಿಂತ ನನ್ನನ್ನೇ ಬಂದು ಗುದ್ದುತ್ತಿದ್ದಳು. "ಕಣ್ಣೇನು ನೆತ್ತಿ ಮೇಲಿದೆಯೇನೇ?" ಎಂದು ನಾನೇ ಬೈದಿದ್ದೇನೆ. ಯಾರೋ ಇರುಳುಗಣ್ಣು ಅಂದರು. ನುಗ್ಗೆಸೊಪ್ಪು, ಪಪ್ಪಾಯಿ, ಕ್ಯಾರೆಟ್ಟು ಎಲ್ಲ ತಿನ್ನಿಸಿದೆ. ಒಂದು ಸಂಜೆ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಜೋಡಿಸಿಟ್ಟ ಕಾಫಿ ಮೂಟೆಗಳಿಗೆ ಮುಖ ಕೊಟ್ಟು ಬಿದ್ದು ತುಟಿ ಹರಿದುಕೊಂಡಳು. ಅಷ್ಟು ದೊಡ್ಡ ಮೂಟೆಯ ಸಾಲು ಕಾಣಲಿಲ್ಲ ಅಂದರೆ ಏನರ್ಥ? ಆ ವಾರವೇ ರಜೆ ಹಾಕಿ ಮಂಗಳೂರಿಗೆ ಕರೆದುಕೊಂಡು ಹೋದೆವು.

ಕಣ್ಣಿನ ಡಾಕ್ಟರು ಔಷಧ ಬಿಟ್ಟು, ಬೆಳಕು ಹಾಯಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಮಗಳನ್ನು ಹೊರಗೆ ಕೂರಿಸಿ ಬರಲು ಹೇಳಿ ನಮ್ಮಿಬ್ಬರನ್ನೂ ಕೇಳಿದರು: "ನಿಮ್ಮದು ಸಂಬಂಧದಲ್ಲಿ ಆದ ಮದುವೆಯಾ?"

ಹೌದು. ಇವರು ನನ್ನ ಸೋದರತ್ತೆಯ ಮಗ. ಮದುವೆಗೆ ಮುಂಚೆ ಭಾವ ಅನ್ನುತ್ತಿದ್ದೆ, ತಾಳಿ ಕಟ್ಟಿದ ಮೇಲೆ 'ರೀ' ಆಯಿತು. ನಮ್ಮ ಕಡೆ ಅದು ಹೊಸತೇನಲ್ಲ. ನನ್ನನ್ನು ಹೊರಗೆ ಕೊಟ್ಟಿದ್ದರೆ ಅತ್ತೆ ಜನ್ಮದಲ್ಲಿ ನಮ್ಮಪ್ಪನ ಮನೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಡಾಕ್ಟರು ಬೈಯಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತಾ ಬರುತ್ತದಂತೆ. ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ, ಆಮೇಲೆ ಅಕ್ಕಪಕ್ಕದ್ದು. ನಟ್ಟನಡುವಿನದ್ದು ಕೊನೆಗೆ ಉಳಿಯುತ್ತದೆ. "ಎಷ್ಟು ಕಾಲ?" ಎಂದು ಕೇಳಿದೆ. "ಹೇಳೋಕಾಗಲ್ಲಮ್ಮ. ಕೆಲವರಿಗೆ ತುಂಬಾ ವರ್ಷ. ಕೆಲವರಿಗೆ ಬೇಗ."

ವಾಪಸ್ಸು ಬರುವಾಗ ಚಾರ್ಮಾಡಿ ಘಾಟಿಯ ಉದ್ದಕ್ಕೂ ಮಗಳು ನನ್ನ ತೊಡೆಯ ಮೇಲೆ ಮಲಗಿದ್ದಳು. ನನಗೆ ಸಿಟ್ಟು. ಸತ್ತುಹೋದ ಅತ್ತೆಯ ಮೇಲೆ, ಜಾತಕ ನೋಡಿ ಚೆನ್ನಾಗಿ ಕೂಡಿಬರುತ್ತದೆ ಅಂದವರ ಮೇಲೆ, ಪಕ್ಕದಲ್ಲಿ ಕೂತ ಗಂಡನ ಮೇಲೆ, ನನ್ನ ಮೇಲೆ, ಎಲ್ಲರ ಮೇಲೂ ಮೈ ಉರಿಯುವಂಥ ಸಿಟ್ಟು. ಇವರಿಗೆ ಏನಾಯಿತೋ ನಾನು ಕೇಳಲಿಲ್ಲ. ಅವತ್ತಿನಿಂದ ಇವರು ನನ್ನ ಮುಖವನ್ನು ನೆಟ್ಟಗೆ ನೋಡಿ ಮಾತಾಡುವುದನ್ನು ಬಿಟ್ಟರು. ಅನ್ನ ಬಡಿಸು ಅನ್ನುವುದಿದ್ದರೂ ತಟ್ಟೆಯನ್ನು ನೋಡಿಯೇ ಹೇಳುತ್ತಿದ್ದರು.

ಆ ವರ್ಷ ಮಗಳಿಗೆ ವಿಜ್ಞಾನದಲ್ಲಿ ಗ್ರಹಗಳ ಪಾಠ ಬಂತು. ಪುಸ್ತಕದಲ್ಲಿ ಶನಿಗ್ರಹದ ಚಿತ್ರ. ಒಂದು ಉಂಡೆ, ಅದರ ಸುತ್ತ ಅಡ್ಡಕ್ಕೆ ತಟ್ಟೆ ಇಟ್ಟ ಹಾಗೆ ಒಂದು ಉಂಗುರ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದುಕೊಂಡು ಆ ಚಿತ್ರವನ್ನು ಅದೆಷ್ಟು ಸಲ ಬರೆದಳೋ. ಒಂದು ಶನಿವಾರ ಸಂಜೆ ಕಣದ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತು ಕೇಳಿದಳು.

"ಅಪ್ಪ, ನಕ್ಷತ್ರ ಅಂದ್ರೆ ಹೇಗಿರ್ತದೆ?"

"ಹೇಗಿರ್ತದೆ ಅಂದ್ರೆ? ಮೇಲೆ ನೋಡು ಮಗಾ, ಇಷ್ಟೊಂದಿದ್ಯಲ್ಲ."

"ಚಂದ್ರ ಕಾಣ್ತಾನೆ. ಬಾಕಿ ಎಲ್ಲ ಕಪ್ಪು."

ಡಾಕ್ಟರು ಹೇಳಿದ್ದೆಲ್ಲ ನಮಗೆ ಗೊತ್ತಿತ್ತು. ಆದರೆ ನಮ್ಮ ಮಗಳು ಹುಟ್ಟಿದಾಗಿನಿಂದ ಒಂದು ನಕ್ಷತ್ರವನ್ನೂ ನೋಡಿಲ್ಲ ಅನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಅವಳೇ ಹೇಳಿರಲಿಲ್ಲ, ಎಲ್ಲರಿಗೂ ಆಕಾಶ ಹಾಗೇ ಅಂದುಕೊಂಡಿದ್ದಳು. ಇವರು ಎದ್ದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದಕ್ಕೆ ಹೋದವರು ಬಹಳ ಹೊತ್ತು ಬರಲಿಲ್ಲ.

ಮುಂದಿನ ವಾರ ನಾವು ಬಂದಾಗ ಮನೆಯ ಚಾವಡಿಯಲ್ಲಿ ಉದ್ದನೆಯ ಹಿತ್ತಾಳೆಯ ಕೊಳವೆಯೊಂದು ಹಾಸಿಗೆಯ ಮೇಲೆ ಮಲಗಿತ್ತು. ದೂರದರ್ಶಕ. ಎಸ್ಟೇಟ್ ಬಂಗಲೆಯ ಅಟ್ಟದಲ್ಲಿ ಹಳೆಯ ಬಿಳಿ ದೊರೆಗಳ ಕಾಲದಿಂದ ಬಿದ್ದಿತ್ತಂತೆ. ಇವರು ಕೇಳಿದ್ದಕ್ಕೆ ಯಜಮಾನರು, "ತಗೊಂಡು ಹೋಗಿ ರೈಟ್ರೇ, ಜೇಡ ಮೊಟ್ಟೆ ಇಡೋದಕ್ಕಿಂತ ನಿಮ್ಮ ಮಗು ನೋಡ್ಲಿ" ಎಂದು ಕೊಟ್ಟರಂತೆ. ಗಾಜು ಚೆನ್ನಾಗಿತ್ತು. ಇಲ್ಲದಿದ್ದದ್ದು ಸ್ಟ್ಯಾಂಡು ಮಾತ್ರ. ಕೈಯಲ್ಲಿ ಹಿಡಿದು ನೋಡುವ ವಸ್ತುವಲ್ಲ ಅದು, ನಾನೂ ಇವರೂ ಸೇರಿ ಎತ್ತಬೇಕಾದಷ್ಟು ಭಾರ.

"ನಡುವಿನ ದೃಷ್ಟಿ ಇನ್ನೂ ಇದೆ ಅಂದ್ರಲ್ಲ ಡಾಕ್ಟ್ರು," ಅಂದರು ಇವರು, ಕೊಳವೆಯನ್ನು ನೋಡುತ್ತಾ. "ಇದ್ರಲ್ಲಿ ಶನಿ ಚೆನ್ನಾಗಿ ಬೆಳಗ್ತದೆ. ಕಣ್ಣು ಇರೋದ್ರೊಳಗೆ ಒಂದ್ಸಲ ಅವ್ಳು ನೋಡಿಬಿಡ್ಲಿ. ಬರೀ ಒಂದ್ಸಲ."

ಜಾವಳಿಯಲ್ಲಿದ್ದ ನನ್ನ ಅಮ್ಮನಿಗೆ ಈ ವಿಷಯ ಗೊತ್ತಾಗಿ ಎದೆ ಬಡಿದುಕೊಂಡಳು. "ಎಂಥ ಮರುಳೇ ನಿಮ್ಗೆ! ಶನಿ ದೃಷ್ಟಿ ಬೀಳ್ದೆ ಇರ್ಲಿ ಅಂತ ಜನ ಎಳ್ಳೆಣ್ಣೆ ದೀಪ ಹಚ್ತಾರೆ, ನೀವು ಕೊಳವೆ ಹಿಡ್ಕೊಂಡು ಹುಡುಕ್ಕೊಂಡು ಹೋಗ್ತೀರಲ್ಲ!" "ಇನ್ನೇನು ಬೀಳೋದು ಬಾಕಿ ಇದೆ ಬಿಡಮ್ಮ" ಅಂದೆ. ಅಮ್ಮ ಅತ್ತಳು. ಆದರೂ ನಾನು ಅವಳ ಮಗಳೇ ಅಲ್ಲವೇ, ಒಂದು ಹರಕೆ ಕಟ್ಟಿಕೊಂಡೆ. ನನ್ನ ಟೀಚರ್ ಪರೀಕ್ಷೆ ಪಾಸಾಗುವ ತನಕ ಅಮ್ಮ ಮೊಸರು ಬಿಟ್ಟಿದ್ದಳು. ನಾನು ಕಳಸದ ಈಶ್ವರನಿಗೆ ಹೇಳಿಕೊಂಡೆ: ನನ್ನ ಮಗಳು ನೋಡುವ ತನಕ ನಾನು ಆ ಕೊಳವೆಗೆ ಕಣ್ಣು ಇಡುವುದಿಲ್ಲ.

ಇವರು ಮೊದಲು ಕಳಸದ ಬಡಗಿಯ ಹತ್ತಿರ ಮರದ ಸ್ಟ್ಯಾಂಡು ಮಾಡಿಸಿದರು. ಮೇಲೆ ಕೆಳಗೆ ಬಾಗುತ್ತಿತ್ತು, ಎಡಕ್ಕೆ ಬಲಕ್ಕೆ ತಿರುಗುತ್ತಿತ್ತು, ಮತ್ತೇನೂ ತಂತ್ರವಿಲ್ಲ. ತಂದು ಇಟ್ಟರೆ ಆಯಿತು, ಎರಡು ನಿಮಿಷದ ಕೆಲಸ. ನನಗೆ ಅದೇ ಇಷ್ಟವಾಗಿತ್ತು. ಅನ್ನ ಬಿಸಿಯಿರುವಾಗಲೇ ಎಲ್ಲ ಮುಗಿಯುತ್ತದಲ್ಲ!

ಎಸ್ಟೇಟಿನಲ್ಲಿ ಆಕಾಶ ಕಾಣುವ ಜಾಗ ಒಂದೇ, ಕಾಫಿ ಒಣಗಿಸುವ ಕಣ. ಉಳಿದ ಕಡೆ ಎಲ್ಲ ನೆರಳಿನ ಮರ, ಸಿಲ್ವರ್ ಓಕು. ಇನ್ನು ನಮ್ಮ ಸೀಮೆಯಲ್ಲಿ ಆಕಾಶ ಬಿಚ್ಚಿಕೊಳ್ಳುವುದೇ ಡಿಸೆಂಬರಿನ ಸುಮಾರಿಗೆ, ಆಗಲೇ ಕೊಯ್ಲು, ಆಗಲೇ ಕಣದ ತುಂಬ ಕಾಫಿ. ಸಂಜೆಗೆ ಅದನ್ನೆಲ್ಲ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತಾರೆ. ಗುಡ್ಡೆಗಳ ನಡುವೆ ಕಾಲಿಡಲು ಮೂಲೆಯಲ್ಲಿ ಒಂದಿಷ್ಟು ಜಾಗ ಉಳಿಯುತ್ತಿತ್ತು. ಅಲ್ಲಿ ಮರದ ಸ್ಟ್ಯಾಂಡು ಇಟ್ಟು, ಕೊಳವೆ ಏರಿಸಿ, ಇವರು ಗುರಿ ಹಿಡಿದರು.

"ಸಿಕ್ತು! ಬಾ ಮಗಾ, ಬೇಗ ಬಾ."

ಬೇಗ ಬಾ ಅಂದರೆ ಎಲ್ಲಿಂದ ಬರುವುದು? ಕತ್ತಲೆಯಲ್ಲಿ ಅವಳು ಕೈ ಚಾಚಿ ಕೊಳವೆ ಹುಡುಕಬೇಕು, ಕಣ್ಣಿಡುವ ತೂತು ಹುಡುಕಬೇಕು, ಅವಳಿಗೆ ಉಳಿದಿದ್ದ ಆ ನಡುವಿನ ಒಂದಿಷ್ಟು ದೃಷ್ಟಿಯನ್ನು ಅದಕ್ಕೆ ಸರಿಯಾಗಿ ಕೂಡಿಸಬೇಕು. ಅಷ್ಟರಲ್ಲಿ ಶನಿ ಜಾರಿರುತ್ತಿತ್ತು. ಭೂಮಿ ತಿರುಗುತ್ತಲೇ ಇರುತ್ತದಲ್ಲ, ಕೊಳವೆಯೊಳಗೆ ಒಂದು ನಿಮಿಷವೂ ನಿಲ್ಲುವುದಿಲ್ಲವಂತೆ. ಇವರು ಮತ್ತೆ ಹಿಡಿಯುವುದು, ಅವಳು ಮತ್ತೆ ತಡಕಾಡುವುದು. ಕೊನೆಗೆ ಒಮ್ಮೆ ಅವಳು ಕಿರುಚಿದಳು.

"ಏನೋ ಬೆಳ್ಳಗೆ ಬಂತು! ಬಂತು ಅಪ್ಪ... ಹೋಯ್ತು."

ಇವರು ಸ್ಟ್ಯಾಂಡನ್ನು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಬಂತು, ಹೋಯ್ತು. ಆ ಎರಡು ಮಾತು ಇವರ ತಲೆಯೊಳಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ. "ಹೇಗಿದೆ ಅಪ್ಪ, ನಿಂಗೆ ಕಾಣ್ತದಲ್ಲ, ಹೇಳು" ಎಂದು ಅವಳು ಪೀಡಿಸಿದರೆ, "ನಾನು ಹೇಳಲ್ಲ. ನೀನೇ ನೋಡಿ ನಂಗೆ ಹೇಳ್ಬೇಕು" ಅಂದರು.

ಇವರು ಚಿಕ್ಕಮಗಳೂರಿನ ಲೈಬ್ರರಿಯಿಂದ ಪುಸ್ತಕ ತಂದು ಓದಿದರು. ಇನ್ನೊಂದು ಬಗೆಯ ಸ್ಟ್ಯಾಂಡು ಇದೆಯಂತೆ. ಅದರ ಅಚ್ಚನ್ನು ನೆಟ್ಟಗೆ ನಿಲ್ಲಿಸದೆ, ಭೂಮಿಯ ಅಚ್ಚು ಯಾವ ಕಡೆ ಓರೆಯಾಗಿದೆಯೋ ಅದೇ ಕಡೆಗೆ ಓರೆಯಾಗಿ ಕೂರಿಸಬೇಕು. ಆಮೇಲೆ ಒಂದೇ ಒಂದು ಸ್ಕ್ರೂ ನಿಧಾನಕ್ಕೆ ತಿರುಗಿಸುತ್ತಿದ್ದರೆ ಗ್ರಹ ಕೊಳವೆಯ ನಟ್ಟನಡುವೆ ನಿಂತೇ ಇರುತ್ತದಂತೆ, ಅವಳು ಎಷ್ಟು ಹೊತ್ತು ಬೇಕಾದರೂ ಹುಡುಕಿಕೊಳ್ಳಬಹುದು. ಹೇಳುವಾಗ ಇವರ ಕೈ ಗಾಳಿಯಲ್ಲಿ ಸ್ಕ್ರೂ ತಿರುಗಿಸುತ್ತಿತ್ತು.

"ಅದನ್ನು ಕೂರಿಸೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದೆ.

"ಮೊದ್ಲು ಸ್ವಲ್ಪ ಹೊತ್ತು ಹಿಡೀತದೆ. ಸರಿಯಾಗಿ ಕೂತ್ಮೇಲೆ ಆರಾಮ."

"ನಮ್ಮ ಹತ್ರ ಇರೋದೇ ಒಂದು ಸಂಜೆ ಮಾರಾಯ್ರೇ. ಈ ಮರದ್ದರಲ್ಲೇ ಇನ್ನೊಂದು ನಾಲ್ಕು ಸಲ ಹಿಡೀರಿ, ಯಾವಾಗಲಾದ್ರೂ ಒಮ್ಮೆ ಸಿಕ್ಕೇ ಸಿಗ್ತದೆ."

"ಬಂತು, ಹೋಯ್ತು ಅಂದ್ಳಲ್ಲ," ಅಂದರು. ಅವಳು ಹೇಳಿದ್ದು ನಾನೂ ಕೇಳಿದ್ದೆ.

ಓರೆ ಸ್ಟ್ಯಾಂಡಿಗೆ ಎಸ್ಟೇಟಿನ ಗುಜರಿ ಜೀಪಿನ ಚಕ್ರದ ನಡುವಿನ ಹಬ್ಬು, ಅದರ ಬೇರಿಂಗು ಸಿಕ್ಕಿತು. ಚಿಕ್ಕಮಗಳೂರಿನ ಲೇತಿನವನು ಅದಕ್ಕೆ ತಕ್ಕ ಸರಳು ಕಡೆದುಕೊಟ್ಟ. ಕೊಳವೆಯ ಭಾರಕ್ಕೆ ಸಮ ತೂಗಲು ಆ ಕಡೆ ಏನಾದರೂ ಕಟ್ಟಬೇಕಿತ್ತು. ಇವರು ಹಣ್ಣು ತೂಗುವ ತಕ್ಕಡಿಯ ಕಬ್ಬಿಣದ ತೂಕದ ಕಲ್ಲುಗಳನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಿದರು. ಅದೇ ಭಾರಕ್ಕೆ ಸರಿಯಾಗಿ ಬಂತು. ಆದರೆ ಕೊಯ್ಲಿನ ಕಾಲದಲ್ಲಿ ಆ ಕಲ್ಲುಗಳಿಗೆ ಪುರುಸೊತ್ತೆಲ್ಲಿ? ಆಳುಗಳು ಬುಟ್ಟಿ ಹೊತ್ತು ಸಾಲಾಗಿ ನಿಂತಿರುತ್ತಿದ್ದರು. ಮೇಸ್ತ್ರಿ ಕೂಗುವುದು, ಇವರು ಬರೆದುಕೊಳ್ಳುವುದು. ಎಲ್ಲ ಬುಟ್ಟಿ ತೂಗಿ ಮುಗಿದ ಮೇಲೇ ಕಲ್ಲು ನಮ್ಮ ಕೈಗೆ. ಸಂಜೆ ಬಸ್ಸಿಳಿದ ನಾನು ಅಡುಗೆ ಮಾಡಿ, ಚಳಿಗೆ ಶಾಲು ಹೊದ್ದು ಕೂತ ಮಗಳ ಪಕ್ಕ ಕೂತು, ಗಂಡನ ದಾರಿ ಕಾಯುವುದಲ್ಲ, ತಕ್ಕಡಿ ಕಲ್ಲಿನ ದಾರಿ ಕಾಯುತ್ತಿದ್ದೆ. "ಅಮ್ಮ, ತೂಕ ಮುಗೀತಾ?" ಎಂದು ಅವಳು, "ಇನ್ನೂ ಇಲ್ಲ" ಎಂದು ನಾನು. ನಮ್ಮಿಬ್ಬರ ಶನಿವಾರದ ಮಾತು ಇಷ್ಟೇ ಆಗಿಹೋಗಿತ್ತು.

ಯಜಮಾನರ ಒಪ್ಪಿಗೆ ತೆಗೆದುಕೊಂಡು, ಕಣದ ಮೂಲೆಯ ಸಿಮೆಂಟಿಗೆ ತೂತು ಹೊಡೆದು, ಬೋಲ್ಟು ಹಾಕಿ ಸ್ಟ್ಯಾಂಡನ್ನು ಕೂರಿಸಿದರು. ಒಮ್ಮೆ ಸರಿಯಾಗಿ ಕೂತರೆ ಪ್ರತಿ ವಾರ ಹೊಂದಿಸುವ ಕಾಟವಿಲ್ಲವಲ್ಲ. ಧ್ರುವ ನಕ್ಷತ್ರ ನೋಡಿ ಹೊಂದಿಸಬೇಕು ಎಂದು ಪುಸ್ತಕ ಹೇಳುತ್ತಿತ್ತು. ನಮ್ಮ ನಾಡಿನಲ್ಲಿ ಅದು ಇರುವುದೇ ಬಹಳ ಕೆಳಗೆ, ಉತ್ತರದ ಗುಡ್ಡದ ಹಿಂದೆ ಅಡಗಿಬಿಟ್ಟಿತ್ತು. ಹಾಗಾಗಿ ಇವರು ನಮ್ಮ ಊರಿಗೆ ಎಷ್ಟು ಓರೆ ಬೇಕೋ ಅಷ್ಟನ್ನು ಲೆಕ್ಕ ಹಾಕಿ ಕಬ್ಬಿಣವನ್ನು ಕತ್ತರಿಸಿ ಬೆಸೆಸಿದ್ದರು. ದಿಕ್ಕನ್ನು ಬಿಸಿಲಿನ ನೆರಳು ನೋಡಿ ಹಿಡಿದಿದ್ದರು.

ಆದರೂ ಶನಿ ನಿಲ್ಲಲಿಲ್ಲ. ಇವರು ಸ್ಕ್ರೂ ತಿರುಗಿಸುತ್ತಿದ್ದಂತೆಯೇ ಅದು ಓರೆಯಾಗಿ ಜಾರಿಕೊಂಡು ಹೋಗುತ್ತಿತ್ತಂತೆ. ಬೇರಿಂಗಿನ ದೋಷ ಅಂದರು. ಬಿಚ್ಚಿ ಚಿಕ್ಕಮಗಳೂರಿಗೆ ಹೊತ್ತುಕೊಂಡು ಹೋದರು, ತಂದರು, ಕಟ್ಟಿದರು. ಮತ್ತೆ ಜಾರಿತು. ಸರಳಿನ ದೋಷ ಅಂದರು. ಮತ್ತೆ ಹೊತ್ತರು. ವಾರಕ್ಕೊಮ್ಮೆ ಬರುವ ಹೆಂಡತಿ ಮಗಳ ಜೊತೆ ಕೂತು ಒಂದು ತುತ್ತು ತಿನ್ನಲಿಲ್ಲ. ಅವಳು ಶಾಲಿನೊಳಗೆ ಮುದುರಿಕೊಂಡು ಕಣದ ಕಟ್ಟೆಯ ಮೇಲೆ ನಿದ್ದೆ ಹೋಗಿಬಿಡುತ್ತಿದ್ದಳು. ಅನ್ನ ಆರುತ್ತಿತ್ತು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಆ ಜೀಪಿನ ಚಕ್ರಕ್ಕೇ ತಾಳಿ ಕಟ್ಟಬೇಕಿತ್ತು ನೀವು! ಅವಳಿಗೆ ಶನಿ ಕಾಣ್ದೆ ಹೋದ್ರೂ ಅಪ್ಪನ ಮುಖ ಆದ್ರೂ ನೋಡ್ಲಿ, ಅದಕ್ಕೂ ಎಷ್ಟು ದಿನ ಇದ್ಯೋ!"

ಅಂದ ಮೇಲೆ ನಾಲಗೆ ಕಚ್ಚಿಕೊಂಡೆ. ಮಗಳು ಎದ್ದಿದ್ದಳೋ ಮಲಗಿದ್ದಳೋ ಗೊತ್ತಿಲ್ಲ. ಇವರು ಸ್ಪ್ಯಾನರ್ ಕೆಳಗಿಡದೆ ಅಂದರು: "ಮುಖ ನೋಡಿ ಎಂಥ ಮಾಡ್ತಾಳೆ ಮಾರಾಯ್ತಿ. ನಾನು ಕೊಟ್ಟಿದ್ದು ಇದೇ ಕಣ್ಣಲ್ವಾ."

ನಾವಿಬ್ಬರೂ ಆ ವಿಷಯ ಮಾತಾಡಿದ್ದು ಅಷ್ಟೇ. ಅರ್ಧ ನನ್ನದೂ ಹೌದು ಎಂದು ಹೇಳಬಹುದಿತ್ತು, ಆ ಹೊತ್ತಿಗೆ ಬಾಯಿ ಬರಲಿಲ್ಲ.

ಮಾರ್ಚಿನ ಕೊನೆಯ ಒಂದು ಶನಿವಾರ ಇಳಿಹೊತ್ತಿಗೆ, ಕಾಫಿ ಗಿಡದ ಮೊಗ್ಗು ಅರಳಿಸುವ ಹೂಮಳೆ ಬಂತು. ನಾವು ಆಗ ತಾನೇ ಬಸ್ಸಿಳಿದಿದ್ದೆವು. ಕಣದಲ್ಲಿ ಕೊನೆಯ ಕೊಯ್ಲಿನ ಕಾಫಿ ಇನ್ನೂ ಹರಡಿತ್ತು. ಯಾರು ಎಷ್ಟು ದೊಡ್ಡವರು ಎಂದು ನೋಡದೆ ಎಲ್ಲರೂ ಓಡಿ ಕಾಫಿ ಬಾಚಿದೆವು, ಟಾರ್ಪಾಲು ಎಳೆದೆವು. ಮಳೆ ನಿಂತ ಮೇಲೆ ಸೀರೆ ಹಿಂಡಿಕೊಳ್ಳುತ್ತಾ ನಿಂತವಳು ನೋಡುತ್ತೇನೆ, ಕಣದ ನೀರೆಲ್ಲ ಆ ಮೂಲೆಗೇ ಹರಿದು ಹೋಗುತ್ತಿದೆ. ಸ್ಟ್ಯಾಂಡಿನ ಕಾಲುಗಳನ್ನು ಸುತ್ತಿ, ಅಲ್ಲಿದ್ದ ಚರಂಡಿಯ ತೂತಿಗೆ ಇಳಿಯುತ್ತಿದೆ.

"ರೀ!" ಎಂದು ಕೂಗಿದೆ. "ಈ ಕಣ ಇಳಿಜಾರಲ್ವಾ?"

ಇವರು ಟಾರ್ಪಾಲಿನ ತುದಿ ಹಿಡಿದವರು ಹಾಗೇ ನಿಂತರು. ಕಾಲ ಕೆಳಗಿನ ನೆಲ ಸಮ ಇದೆ ಎಂದುಕೊಂಡೇ ಆ ಓರೆಯ ಲೆಕ್ಕ ಹಾಕಿದ್ದು. ಇಳಿಜಾರಿಲ್ಲದೆ ಕಣವನ್ನು ಯಾರಾದರೂ ಕಟ್ಟುತ್ತಾರೆಯೇ? ನೀರು ನಿಂತರೆ ಕಾಫಿ ಹಾಳು. ಆ ಕಣಕ್ಕೆ ಹೊಸ ಸಿಮೆಂಟು ಹಾಕಿಸುವಾಗ ಗಾರೆಯವರ ತಲೆಯ ಮೇಲೆ ನಿಂತು "ಇನ್ನೂ ವಾಟ ಕೊಡಿ, ಇನ್ನೂ ಕೊಡಿ" ಎಂದು ಕೊಡಿಸಿದ್ದು ಇವರೇ. ಆದರೂ ಸ್ಟ್ಯಾಂಡು ಕೂರಿಸುವಾಗ ನೆಲ ಸಮವಿದೆಯೇ ಎಂದು ರಸಮಟ್ಟ ಇಟ್ಟು ನೋಡಬೇಕೆಂದು ಹೊಳೆದಿರಲಿಲ್ಲ. ನಮ್ಮಂಥವರಿಗೆ ಹೊಳೆಯುವುದೂ ಇಲ್ಲ. ಈ ಗುಡ್ಡದ ನಾಡಿನಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಒಂದೋ ಹತ್ತಬೇಕು, ಇಲ್ಲ ಇಳಿಯಬೇಕು. ಸಮ ಎಂದು ನಾವು ಕರೆಯುವ ಜಾಗ ಕಣ ಒಂದೇ. ಮಕ್ಕಳು ಸೈಕಲ್ ಕಲಿಯುವುದು ಅಲ್ಲಿ, ಮದುವೆಯ ಚಪ್ಪರ ಹಾಕುವುದು ಅಲ್ಲಿ. ಅದೂ ಓರೆ ಎಂದು ಕಾಲಿಗೆ ತಿಳಿಯುವುದೇ ಇಲ್ಲ.

ನನಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಒಂದು ಚಳಿಗಾಲ ಪೂರ್ತಿ ಹೋಗಿತ್ತು. ಕಾಲಿನ ಕೆಳಗೆ ತಗಡಿನ ಚೂರು ಇಟ್ಟು ಸರಿಮಾಡುವ ಹೊತ್ತಿಗೆ ದಿನಾ ಸಂಜೆ ಮೋಡ ಕಟ್ಟತೊಡಗಿತು, ಗುಡುಗು ಶುರುವಾಯಿತು. ಆಮೇಲೆ ಮಳೆಗಾಲ. ನಮ್ಮ ಮಳೆಗಾಲದಲ್ಲಿ ಹಗಲು ಸೂರ್ಯನೇ ಕಾಣುವುದಿಲ್ಲ, ಶನಿಯ ಮಾತೆಲ್ಲಿ ಬಂತು! ಇವರು ಸ್ಟ್ಯಾಂಡಿಗೆ ಗ್ರೀಸು ಬಳಿದು, ಗೋಣಿಚೀಲ ಸುತ್ತಿ, ಪ್ಲಾಸ್ಟಿಕ್ಕು ಕಟ್ಟಿದರು.

ಆ ಮಳೆಗಾಲದಲ್ಲಿ ಮಗಳ ಕಣ್ಣು ನಮಗಾಗಿ ಕಾಯಲಿಲ್ಲ. ಜೂನಿನಲ್ಲಿ ಮೊದಲ ಬೆಂಚಿಗೆ ಬಂದಳು. ಆಗಸ್ಟಿನಲ್ಲಿ ಅವಳ ಮೇಷ್ಟರು ನನ್ನನ್ನು ಕರೆಸಿ, "ಬೋರ್ಡು ಕಾಣಲ್ವಂತೆ ಟೀಚರ್, ಪಕ್ಕದ ಹುಡುಗಿ ಓದಿ ಹೇಳ್ತಾಳೆ, ಇವ್ಳು ಬರ್ಕೊಳ್ತಾಳೆ" ಅಂದರು. ದಸರಾ ರಜೆಯ ಹೊತ್ತಿಗೆ ಅವಳು ಬರೆದ ಒಂದು ಸಾಲು ಇನ್ನೊಂದು ಸಾಲಿನ ಮೇಲೆ ಹತ್ತತೊಡಗಿತು. ಮತ್ತೆ ಮಂಗಳೂರಿಗೆ ಹೋದೆವು. ನಡುವಿನದ್ದೂ ಹಿಡಿದಿದೆ ಅಂದರು ಡಾಕ್ಟರು, ಬೇಗ ಹಿಡಿಯಿತು ಅಂದರು. ಆದರೂ ಬೆಳಕು ಗೊತ್ತಾಗುತ್ತದೆ, ಹೊಳೆಯುವ ವಸ್ತು ಹತ್ತಿರವಿದ್ದರೆ ಕಾಣಬಹುದು ಅಂದರು. ಆ 'ಕಾಣಬಹುದು' ಒಂದನ್ನೇ ಕಟ್ಟಿಕೊಂಡು ಇವರು ಎಸ್ಟೇಟಿಗೆ ಹೋದರು. ನಾನು ಆ ಸಲ ಸ್ಟ್ಯಾಂಡಿನ ಬಗ್ಗೆ ಒಂದೂ ಕೊಂಕು ಮಾತಾಡಲಿಲ್ಲ.

ಡಿಸೆಂಬರು ಬಂತು. ಗೋಣಿಚೀಲ ಬಿಚ್ಚಿದರು. ನಾವು ಹೋದ ಆ ಶನಿವಾರ ಹಣ್ಣು ಕಡಿಮೆ ಬಂದಿತ್ತು, ತೂಕ ಬೇಗ ಮುಗಿಯಿತು. ಮೇಸ್ತ್ರಿಯೇ ಕಲ್ಲುಗಳನ್ನು ಹೊತ್ತು ತಂದು ಕೊಟ್ಟು, "ಇವತ್ತು ಆಗ್ತದೆ ಬಿಡಿ ರೈಟ್ರೇ" ಎಂದು ಹೇಳಿ ಹೋದ. ಇವರು ತಂತಿ ಬಿಗಿದರು. ಕೊಳವೆಯನ್ನು ಪೂರ್ವಕ್ಕೆ ತಿರುಗಿಸಿದರು. ಗುಡ್ಡದ ಮೇಲೆ ಶನಿ ಆಗಲೇ ಏರಿತ್ತು. ಬರಿಗಣ್ಣಿಗೆ ಹಳದಿಯ ಒಂದು ಚುಕ್ಕಿ, ನಾನು ನೋಡುತ್ತಿದ್ದದ್ದು ಅಷ್ಟನ್ನೇ. ಇವರು ಕಣ್ಣಿಟ್ಟು ಸ್ಕ್ರೂ ತಿರುಗಿಸುತ್ತಾ ಬಹಳ ಹೊತ್ತು ನೋಡಿದರು.

"ನಿಂತಿದೆ," ಅಂದರು. "ಅಲ್ಲಾಡ್ದೆ ನಿಂತಿದೆ ಮಾರಾಯ್ತಿ."

ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಅವಳ ತಲೆಯನ್ನು ನಾನು ಹಿಡಿದು ತೂತಿಗೆ ಕೂಡಿಸಿದೆ. ಇವರು ಪಕ್ಕದಲ್ಲಿ ಮಂಡಿಯೂರಿ ಕೂತು, ಉಸಿರು ಬಿಟ್ಟರೆ ಎಲ್ಲಿ ಅಲ್ಲಾಡುತ್ತದೋ ಅನ್ನುವಂತೆ, ಸ್ಕ್ರೂ ತಿರುಗಿಸುತ್ತಾ ಇದ್ದರು. ಯಾರೂ ಅವಸರ ಮಾಡಲಿಲ್ಲ. ಅವಳು ತಲೆಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಮಾಡಿದಳು. ಈ ಕಣ್ಣು ಇಟ್ಟಳು, ಆ ಕಣ್ಣು ಇಟ್ಟಳು. ಆಳುಗಳ ಲೈನುಮನೆಗಳ ಕಡೆಯಿಂದ ಯಾರದೋ ಒಲೆಯ ಹೊಗೆ ಬರುತ್ತಿತ್ತು. ನಾನು ಕಳಸದ ಈಶ್ವರನನ್ನು ಬೇಡಿಕೊಂಡೆ, ಅಮ್ಮ ಎಳ್ಳೆಣ್ಣೆ ದೀಪ ಹಚ್ಚುವ ಆ ಶನಿದೇವರನ್ನೂ ಬೇಡಿಕೊಂಡೆ. ಬರೀ ಒಂದು ಸಲ, ಮತ್ತೇನೂ ಕೇಳಲ್ಲ ಅಂದೆ.

"ಕಾಣ್ತು ಅಪ್ಪ," ಅಂದಳು.

ಇವರ ಕೈ ನಿಂತಿತು. "ಕಾಣ್ತಾ? ಹೇಗಿದೆ ಮಗಾ?"

"ಉಂಡೆ ಇದೆ. ಸುತ್ತ ಉಂಗುರ ಇದೆ. ಬುಕ್ಕಲ್ಲಿ ಇದ್ದ ಹಾಗೇ ಇದೆ ಅಪ್ಪ, ಅಡ್ಡಕ್ಕೆ, ತಟ್ಟೆ ಇಟ್ಟ ಹಾಗೆ."

ಇವರು ಸ್ಕ್ರೂವನ್ನು ಮತ್ತೆ ನಿಧಾನಕ್ಕೆ ತಿರುಗಿಸತೊಡಗಿದರು. ಆಮೇಲೆ ಅಂದರು: "ಹೌದು ಮಗಾ. ಹಾಗೇ ಇದೆ."

ಅವಳನ್ನು ಹಿಂದಿನಿಂದ ಬಾಚಿ ತಬ್ಬಿಕೊಂಡೆ, ಅವಳ ನೆತ್ತಿಗೆ ಮುತ್ತು ಕೊಟ್ಟೆ, ಅತ್ತುಬಿಟ್ಟೆ. ಅವಳು ನನ್ನ ತೋಳನ್ನು ಹಿಡಿದುಕೊಂಡು ಅಪ್ಪ ಇದ್ದ ಕಡೆ ಮುಖ ತಿರುಗಿಸಿದಳು. ಸರಿಯಾಗಿ ಅವರ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ.

"ಇನ್ನು ಸಾಕಲ್ವಾ ಅಪ್ಪ? ನೋಡಾಯ್ತಲ್ಲ. ಇದನ್ನು ಬಿಚ್ಚಿಟ್ಬಿಡು. ಇನ್ಮೇಲೆ ಶನಿವಾರ ಮೂರೂ ಜನ ಒಟ್ಟಿಗೆ ಕೂತು ಬಿಸಿಬಿಸಿ ಊಟ ಮಾಡಾಣ."

"ಆಯ್ತು ಮಗಾ," ಅಂದರು ಇವರು.

ಹರಕೆ ತೀರಿತಲ್ಲ, ಈಗ ನನ್ನ ಸರದಿ. ಕಣ್ಣೊರೆಸಿಕೊಂಡು ಬಗ್ಗಿ ಕೊಳವೆಗೆ ಕಣ್ಣಿಟ್ಟೆ. ಮೊದಲು ಮಂಜುಮಂಜು, ಕಣ್ಣೀರು ಇನ್ನೂ ಆರಿರಲಿಲ್ಲ. ಆಮೇಲೆ ತಿಳಿಯಾಯಿತು. ಕತ್ತಲೆಯ ನಟ್ಟನಡುವೆ, ಅಲುಗದೆ, ಚೊಕ್ಕವಾಗಿ ನಿಂತಿತ್ತು. ಹಳದಿಯ ಉಂಡೆ, ಅದರ ಸುತ್ತ ಉಂಗುರ.

ಉಂಗುರ ಅಡ್ಡಕ್ಕಿರಲಿಲ್ಲ. ನೆಟ್ಟಗೆ ನಿಂತಿತ್ತು, ಮೇಲಿಂದ ಕೆಳಕ್ಕೆ. ತಟ್ಟೆಯನ್ನು ಗೋಡೆಗೆ ಒರಗಿಸಿ ಇಟ್ಟ ಹಾಗೆ. ನಮ್ಮ ಸೀಮೆಯಲ್ಲಿ ಪೂರ್ವಕ್ಕೆ ಏರುವಾಗ ಅದು ಹಾಗೆ ನಿಂತುಕೊಂಡೇ ಏರುತ್ತದೆ ಎಂದು ಆಮೇಲೆ ಪುಸ್ತಕದಲ್ಲಿ ಓದಿ ತಿಳಿದುಕೊಂಡೆ. ಅವತ್ತು ಅದೆಲ್ಲ ಗೊತ್ತಿರಲಿಲ್ಲ. ಇಷ್ಟು ಮಾತ್ರ ಗೊತ್ತಾಯಿತು: ನನ್ನ ಮಗಳು ಏನನ್ನೂ ನೋಡಿರಲಿಲ್ಲ. ಕಣ್ಣು ಇದ್ದಾಗ ಬರೆದು ಬರೆದು ನೆನಪಿಟ್ಟುಕೊಂಡ ಪುಸ್ತಕದ ಚಿತ್ರವನ್ನು ಅಪ್ಪನಿಗೆ ಒಪ್ಪಿಸಿದ್ದಳು.

ಆಮೇಲೆ ಇನ್ನೊಂದು ಹೊಳೆಯಿತು. ಇವರು ಎರಡು ಚಳಿಗಾಲ ಇದೇ ಕೊಳವೆಗೆ ಕಣ್ಣಿಟ್ಟು ಕೂತವರು. ಈಗ ತಾನೇ ಅವಳಿಗೆ ಕೊಡುವ ಮುಂಚೆಯೂ ನೋಡಿದವರು. ಅವಳು ಅಡ್ಡಕ್ಕೆ ಅಂದ ಆ ಗಳಿಗೆಯಲ್ಲೇ ಇವರಿಗೆ ಗೊತ್ತಾಗಿತ್ತು.

ತಲೆ ಎತ್ತಿ ನೋಡಿದೆ. ಇವರು ನನಗೆ ಬೆನ್ನು ಮಾಡಿ ಕೂತು ಕಲ್ಲಿಗೆ ಕಟ್ಟಿದ ತಂತಿ ಬಿಚ್ಚುತ್ತಿದ್ದರು. ಬಿಚ್ಚುತ್ತಿರಲಿಲ್ಲ, ಬಿಚ್ಚಿದ್ದನ್ನೇ ಮತ್ತೆ ಸುತ್ತುತ್ತಿದ್ದರು.

"ಅಮ್ಮ," ಅಂದಳು ಮಗಳು. "ನಿಂಗೂ ಕಾಣ್ತಾ? ಹೇಗಿದೆ?"

"ಕಾಣ್ತು ಮಗಾ," ಅಂದೆ. "ನೀನು ಹೇಳಿದ ಹಾಗೇ ಇದೆ. ಅಡ್ಡಕ್ಕೆ, ತಟ್ಟೆ ಇಟ್ಟ ಹಾಗೆ."

ಇವರು ತಿರುಗಿ ನನ್ನ ಮುಖ ನೋಡಿದರು. ಮಂಗಳೂರಿನ ಆಸ್ಪತ್ರೆಯಿಂದ ಮೊದಲ ಸಲ ಬಂದ ಮೇಲೆ ನೆಟ್ಟಗೆ ನನ್ನ ಮುಖ ನೋಡಿದ್ದು ಅದೇ ಮೊದಲು. ನಾನು ಮಗಳ ಒಂದು ಕೈ ಹಿಡಿದುಕೊಂಡೆ, ಇವರು ಇನ್ನೊಂದು ಕೈ ಹಿಡಿದರು, ಕಾಫಿ ಗುಡ್ಡೆಗಳ ನಡುವೆ ಎಡವದ ಹಾಗೆ ಅವಳನ್ನು ನಡೆಸಿಕೊಂಡು ಬಂದು ಮೂವರೂ ಊಟಕ್ಕೆ ಕೂತೆವು. ಅನ್ನ ಇನ್ನೂ ಬಿಸಿ ಇತ್ತು.